ಬಾಂಬಿಯ ಕಾಡನ್ನು ಬರೆದವರು

'ಬಾಂಬಿ' ಸಿನಿಮಾವನ್ನು ನಾನು ಮೊದಲು ನೋಡಿದ್ದು ಪರಿಚಯದವರೊಬ್ಬರ ಮನೆಯಲ್ಲಿ, ಗೆರೆ ಬೀಳುತ್ತಿದ್ದ ಹಳೆಯ ವಿಡಿಯೋ ಕ್ಯಾಸೆಟ್ಟಿನಲ್ಲಿ. ಕಥೆಯ ಬಹುಪಾಲು ಆಮೇಲೆ ಮರೆತೇಹೋಯಿತು. ತಾಯಿ ಜಿಂಕೆ ಸಾಯುವುದು, ಮೊಲವೊಂದು ಕಾಲು ಬಡಿಯುವುದು, ಇಷ್ಟು ಬಿಟ್ಟರೆ ನನ್ನಲ್ಲಿ ಉಳಿದದ್ದು ಕಾಡು. ಅದೊಂದು ವಿಚಿತ್ರವಾದ ಕಾಡು. ಮರಗಳಿದ್ದವು, ಆದರೆ ಒಂದೊಂದೇ ಎಲೆ ಎಣಿಸುವ ಹಾಗಿರಲಿಲ್ಲ. ಬೆಳಗಿನ ಮಂಜಿನಲ್ಲಿ ಕಾಂಡಗಳು ಅರ್ಧ ಕಾಣಿಸಿ ಅರ್ಧ ಕರಗುತ್ತಿದ್ದವು. ನಡುವೆ ಎಲ್ಲೋ ಒಂದಿಷ್ಟು ಬೆಳಕು, ಆ ಬೆಳಕಿನಲ್ಲಿ ಒಂದು ಜಿಂಕೆಮರಿ. ಕ್ಯಾಸೆಟ್ಟು ಹಳೆಯದಾಗಿ ಹೀಗೆ ಮಸುಕಾಗಿದೆ ಎಂದೇ ನಾನು ತಿಳಿದಿದ್ದೆ.

ಎಷ್ಟೋ ವರ್ಷಗಳ ಮೇಲೆ ಒಳ್ಳೆಯ ಪ್ರತಿಯೊಂದರಲ್ಲಿ ನೋಡಿದಾಗ ತಪ್ಪು ಕ್ಯಾಸೆಟ್ಟಿನದಲ್ಲ ಎಂದು ಗೊತ್ತಾಯಿತು. ಆ ಕಾಡನ್ನು ಬರೆದಿದ್ದೇ ಹಾಗೆ. ಹಾಗಾದರೆ ಬರೆದವರು ಯಾರು? ಸಿನಿಮಾದ ಟೈಟಲ್ ಕಾರ್ಡುಗಳಲ್ಲಿ ಉತ್ತರ ಸಿಗಬೇಕಲ್ಲ ಎಂದುಕೊಂಡೆ. ಕಲಾ ನಿರ್ದೇಶನ ಎಂಬಲ್ಲಿ ಒಂದು ದಂಡೇ ಇದೆ. ಅಲ್ಲಿ ಆ ಹೆಸರಿಲ್ಲ. ಹಿನ್ನೆಲೆ ಚಿತ್ರಗಳು ಎಂಬಲ್ಲಿ ಇನ್ನೊಂದು ಪಟ್ಟಿ. ಅದರಲ್ಲಿ ಹಲವರ ನಡುವೆ ಒಬ್ಬರಾಗಿ ಟೈರಸ್ ವಾಂಗ್ ಇದ್ದಾರೆ. ಆ ಪಟ್ಟಿಯನ್ನು ನಂಬಿದರೆ, ಅವರು ಬೇರೆ ಯಾರೋ ಯೋಜಿಸಿಕೊಟ್ಟ ಕಾಡಿಗೆ ಬಣ್ಣ ಹಚ್ಚಿದ ಹಲವರಲ್ಲಿ ಒಬ್ಬರು. ನಡೆದದ್ದು ಹೆಚ್ಚುಕಡಿಮೆ ತಿರುವುಮುರುವು. ಕಾಡು ಹೇಗಿರಬೇಕೆಂದು ಕಂಡುಹಿಡಿದು ತೋರಿಸಿದವರು ಅವರು. ಉಳಿದವರು ಅದನ್ನು ನೋಡಿಕೊಂಡು ಬರೆದರು.

ಕಾಗದದ ಮೇಲೆ ಒಂದು, ನಿಜದಲ್ಲಿ ಇನ್ನೊಂದು ಎಂಬ ಈ ಸ್ಥಿತಿ ಅವರಿಗೆ ಹೊಸದಾಗಿರಲಿಲ್ಲ. ಅವರು ಅಮೆರಿಕಕ್ಕೆ ಕಾಲಿಟ್ಟದ್ದೇ ಹಾಗೆ.

ಹುಟ್ಟಿದ್ದು 1910ರ ಅಕ್ಟೋಬರ್ 25ರಂದು, ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ತೈಶಾನ್ ಸೀಮೆಯ ಒಂದು ಬೇಸಾಯದ ಹಳ್ಳಿಯಲ್ಲಿ. ಹೆಸರು ವಾಂಗ್ ಗೆನ್ ಯಿಯೊ. ಬಡತನ ತಾಳಲಾರದೆ ಅಪ್ಪ 1920ರಲ್ಲಿ ಮಗನನ್ನು ಕರೆದುಕೊಂಡು ಹಡಗು ಹತ್ತಿದರು. ತಾಯಿ, ಸೋದರಿ ಊರಲ್ಲೇ ಉಳಿದರು. ಹುಡುಗ ಅವರನ್ನು ಮತ್ತೆಂದೂ ನೋಡಲಿಲ್ಲ. ಬಾಂಬಿಯ ತಾಯಿ ಸಾಯುವ ದೃಶ್ಯದ ಜೊತೆ ಇದನ್ನು ಗಂಟುಹಾಕುವ ಆಸೆ ಯಾರಿಗಾದರೂ ಆಗುತ್ತದೆ, ನನಗೂ ಆಯಿತು. ಆದರೆ ಆ ಸಾವು ಮೂಲ ಕಾದಂಬರಿಯಲ್ಲೇ ಇದೆ, ವಾಂಗ್ ಅದನ್ನು ಬರೆದವರಲ್ಲ. ಗಂಟು ಹಾಕದೇ ಬಿಡುವುದು ಮೇಲು.

ಆಗ ಅಮೆರಿಕದಲ್ಲಿ ಚೀನೀಯರನ್ನು ಹೊರಗಿಡುವ ಕಾನೂನಿತ್ತು. 1882ರಲ್ಲಿ ಬಂದ ಆ ಕಾನೂನಿನ ಪ್ರಕಾರ ಚೀನಾದ ಕೂಲಿಕಾರರು ಒಳಗೆ ಬರುವಂತಿಲ್ಲ. ವ್ಯಾಪಾರಿಗಳು, ವಿದ್ಯಾರ್ಥಿಗಳು, ಅಧ್ಯಾಪಕರು, ರಾಯಭಾರಿಗಳು ಹೀಗೆ ಕೆಲವರಿಗಷ್ಟೇ ವಿನಾಯಿತಿ. ಒಂದು ದೇಶದ ಜನರನ್ನು ಹೆಸರಿಸಿ ಬಾಗಿಲು ಮುಚ್ಚಿದ ಅಮೆರಿಕದ ಮೊದಲ ದೊಡ್ಡ ಕಾನೂನು ಅದು. ಆಮೇಲೆ 1906ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪವಾಗಿ ಊರು ಹೊತ್ತಿ ಉರಿಯಿತು. ಜನನ ದಾಖಲೆಗಳೂ ಸುಟ್ಟುಹೋದವು. ಇದರಿಂದ ಒಂದು ಸಂದು ತೆರೆಯಿತು. ತಾನು ಇಲ್ಲೇ ಹುಟ್ಟಿದವನು, ದಾಖಲೆ ಸುಟ್ಟಿದೆ ಎಂದು ಯಾರಾದರೂ ಹೇಳಿದರೆ ಅಲ್ಲ ಎನ್ನಲು ಸರಕಾರದ ಬಳಿ ಕಾಗದವಿಲ್ಲ. ಹಾಗೆ ಪೌರರಾದವರು ಚೀನಾಕ್ಕೆ ಹೋಗಿಬಂದು, ಅಲ್ಲಿ ತಮಗೊಬ್ಬ ಮಗ ಹುಟ್ಟಿದ ಎಂದು ಬರೆಸುತ್ತಿದ್ದರು. ಆ ಮಗ ಇರಲಿ ಬಿಡಲಿ, ಅವನ ಹೆಸರಿನ ಕಾಗದ ಇರುತ್ತಿತ್ತು. ಆ ಕಾಗದವನ್ನು ಕೊಂಡು ಬರುವವರಿಗೆ ಪೇಪರ್ ಸನ್ ಎಂದು ಹೆಸರು ಬಿತ್ತು, ಅಂದರೆ ಕಾಗದದ ಮಗ.

ಅಪ್ಪ ಹಿಂದೆಯೂ ಅಮೆರಿಕದಲ್ಲಿದ್ದವರು, ಲುಕ್ ಗೆಟ್ ಎಂಬ ವ್ಯಾಪಾರಿಯ ಹೆಸರಿನಲ್ಲಿ. ಈ ಸಲವೂ ಅದೇ ಹೆಸರು. ಮಗನ ಕಾಗದದಲ್ಲಿ ಲುಕ್ ತಾಯ್ ಯೌ ಎಂದಿತ್ತು. 1920ರ ಡಿಸೆಂಬರ್ 30ರಂದು ಹಡಗು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ಐಲ್ಯಾಂಡ್‌ಗೆ ಬಂತು. ವಲಸಿಗರನ್ನು ತಡೆದಿಟ್ಟು ವಿಚಾರಣೆ ಮಾಡುವ ದ್ವೀಪ ಅದು. ಹೆಸರು ಮಾತ್ರ ದೇವದೂತರದ್ದು! ತಡೆಹಿಡಿಯಲ್ಪಟ್ಟ ಚೀನೀಯರು ಅಲ್ಲಿನ ಮರದ ಗೋಡೆಗಳ ಮೇಲೆ ಕೆತ್ತಿದ ಕವಿತೆಗಳು ಇವತ್ತಿಗೂ ಉಳಿದಿವೆ. ಅಪ್ಪನಿಗೆ ಹಳೆಯ ದಾಖಲೆ ಇದ್ದುದರಿಂದ ಬೇಗ ಬಿಟ್ಟರು. ಹತ್ತು ವರ್ಷದ ಹುಡುಗ ಒಬ್ಬನೇ ಉಳಿದ, ದೊಡ್ಡವರ ನಡುವೆ, ಸುಮಾರು ಒಂದು ತಿಂಗಳು.

ಜನವರಿ ಕೊನೆಯಲ್ಲಿ ವಿಚಾರಣೆ. ಮೂವರು ಅಧಿಕಾರಿಗಳು, ಒಬ್ಬ ದುಭಾಷಿ, ಒಬ್ಬ ಶೀಘ್ರಲಿಪಿಕಾರ. ಇಂಥ ವಿಚಾರಣೆಗಳಲ್ಲಿ ಕೇಳುತ್ತಿದ್ದ ಪ್ರಶ್ನೆಗಳನ್ನು ಓದಿದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ನಿಮ್ಮ ಮನೆಗೆ ಎಷ್ಟು ಕಿಟಕಿ? ಬಾವಿ ಮನೆಯಿಂದ ಎಷ್ಟು ದೂರ? ಪಕ್ಕದ ಮನೆಯಲ್ಲಿ ಯಾರಿದ್ದಾರೆ? ಅದೇ ಪ್ರಶ್ನೆಗಳನ್ನು ಅಪ್ಪನಿಗೂ ಕೇಳಿರುತ್ತಾರೆ, ಎರಡು ಉತ್ತರ ತಾಳೆಯಾಗದಿದ್ದರೆ ಮಗನನ್ನು ಹಡಗಿಗೆ ಹತ್ತಿಸುತ್ತಾರೆ. ಅದಕ್ಕೆಂದೇ ಉತ್ತರಗಳನ್ನು ಬರೆದುಕೊಂಡ ಪುಸ್ತಕಗಳು ಇರುತ್ತಿದ್ದವು. ಪ್ರಯಾಣದ ಉದ್ದಕ್ಕೂ ಉರುಹೊಡೆದು, ದಡ ಕಾಣುವ ಮೊದಲು ಸಮುದ್ರಕ್ಕೆ ಎಸೆಯುತ್ತಿದ್ದರು. ಹುಡುಗ ಒಂದೂ ತಪ್ಪದೆ ಉತ್ತರ ಹೇಳಿದ. ತನ್ನದಲ್ಲದ ಹೆಸರಿನಲ್ಲಿ ಆ ದೇಶದಲ್ಲಿ ಅವನು ಪಾಸು ಮಾಡಿದ ಮೊದಲ ಪರೀಕ್ಷೆ ಅದು.

ಸ್ಯಾಕ್ರಮೆಂಟೋದ ಶಾಲೆಯಲ್ಲಿ ಒಬ್ಬ ಶಿಕ್ಷಕಿ 'ತಾಯ್ ಯೌ' ಎಂಬುದನ್ನು ತಮ್ಮ ನಾಲಿಗೆಗೆ ಒಗ್ಗಿಸಿ 'ಟೈರಸ್' ಮಾಡಿದರು. ನಿಜ ಹೆಸರಿನ ಮೇಲೆ ಸುಳ್ಳು ಹೆಸರು, ಸುಳ್ಳು ಹೆಸರಿನ ಮೇಲೆ ಇಂಗ್ಲಿಷು ಹೆಸರು. ಹೀಗೆ ಸಿಕ್ಕ ಹೆಸರಿನಲ್ಲೇ ಲೋಕ ಅವರನ್ನು ನೂರು ವರ್ಷ ದಾಟುವವರೆಗೂ ಕರೆಯಿತು. ಮನೆತನದ ಹೆಸರು ವಾಂಗ್ ಒಂದು ಹೇಗೋ ಬದುಕಿಕೊಂಡಿತು.

ಅಪ್ಪ ಕೆಲಸ ಹುಡುಕಿಕೊಂಡು ಲಾಸ್ ಏಂಜಲಿಸ್‌ಗೆ ಹೋದರು, ಸ್ವಲ್ಪ ಕಾಲದ ಮೇಲೆ ಮಗನೂ ಅಲ್ಲಿಗೆ ಸೇರಿಕೊಂಡ. ಒಂದು ಕಡೆ ಮಾಂಸದಂಗಡಿ, ಇನ್ನೊಂದು ಕಡೆ ವೇಶ್ಯಾಗೃಹ, ನಡುವಿನ ಅಗ್ಗದ ವಸತಿಗೃಹದಲ್ಲಿ ಇಬ್ಬರ ಸಂಸಾರ. ಅಪ್ಪ ರಾತ್ರಿ ಮಗನಿಗೆ ಅಕ್ಷರ ತಿದ್ದಿಸುತ್ತಿದ್ದರು. ಶಾಯಿಗೆ ದುಡ್ಡಿಲ್ಲ. ಕುಂಚವನ್ನು ನೀರಿನಲ್ಲಿ ಅದ್ದಿ ಹಳೆಯ ಸುದ್ದಿಪತ್ರಿಕೆಯ ಮೇಲೆ ಬರೆಯುವುದು. ಒಣಗುವವರೆಗೆ ಅಕ್ಷರ ಇರುತ್ತದೆ, ಆಮೇಲೆ ಅದೇ ಹಾಳೆ ಮತ್ತೆ ಬಳಕೆಗೆ. ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಆ ಎರಡಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕು. ಚೀನೀ ಪರಂಪರೆಯಲ್ಲಿ ಎರಡಕ್ಕೂ ಕುಂಚ ಒಂದೇ, ಮಣಿಕಟ್ಟಿನ ಅಭ್ಯಾಸ ಒಂದೇ. ಹಾಗಾಗಿ ಆ ಹುಡುಗ ಕಲಿಯುತ್ತಿದ್ದದ್ದು ಲಿಪಿಯೋ ಚಿತ್ರವೋ ಎಂದು ಬಿಡಿಸಿ ಹೇಳುವುದು ಕಷ್ಟ. ಬರೆದದ್ದು ಮಾಯವಾಗುತ್ತದೆ ಎಂದು ಗೊತ್ತಿರುವವನು ಒಂದೇ ಸಲಕ್ಕೆ, ಕಡಿಮೆ ಗೆರೆಗಳಲ್ಲಿ ಬರೆಯಲು ಕಲಿಯುತ್ತಾನೆ ಎಂಬುದು ನನ್ನ ಊಹೆ.

ಶಾಲೆಯ ಒಬ್ಬ ಮೇಷ್ಟರ ಕಣ್ಣಿಗೆ ಬಿದ್ದು, ಓಟಿಸ್ ಕಲಾಶಾಲೆಯಲ್ಲಿ ಒಂದು ಬೇಸಿಗೆ ಕಲಿಯಲು ವಿದ್ಯಾರ್ಥಿವೇತನ ಸಿಕ್ಕಿತು. ಬೇಸಿಗೆ ಮುಗಿದ ಮೇಲೆ ಹುಡುಗ ಹಳೆಯ ಶಾಲೆಗೆ ವಾಪಸು ಹೋಗುವುದಿಲ್ಲ ಎಂದು ಕೂತ. ಕಲಾಶಾಲೆಯ ಶುಲ್ಕ 90 ಡಾಲರು. ಅಪ್ಪ ತಮ್ಮವರ ಮನೆಮನೆಗೆ ಹೋಗಿ ಕೇಳಿ ಅದನ್ನು ಒಟ್ಟುಮಾಡಿದರು. ಮಗ ಅದೇ ಶಾಲೆಯ ಕಸ ಗುಡಿಸುವ ಕೆಲಸ ಮಾಡಿಕೊಂಡು ಓದಿದ. ಪಾಶ್ಚಾತ್ಯ ರೀತಿಯ ಚಿತ್ರಕಲೆ ಅಲ್ಲಿ ಕಲಿತದ್ದು. ಸಾಂಗ್ ರಾಜವಂಶದ ಕಾಲದ ಚೀನೀ ಭೂದೃಶ್ಯಗಳನ್ನು ನೋಡಿ ತಿಳಿದುಕೊಂಡದ್ದು ಲಾಸ್ ಏಂಜಲಿಸ್‌ನ ಸಾರ್ವಜನಿಕ ಗ್ರಂಥಾಲಯದ ಪುಸ್ತಕಗಳಲ್ಲಿ. ತನ್ನ ಊರಿನ ಕಲೆಯನ್ನು ಪರದೇಶದ ಗ್ರಂಥಾಲಯದಲ್ಲಿ ಕಲಿಯುವುದು ನಮ್ಮಲ್ಲಿ ಹಲವರಿಗೂ ಅಷ್ಟೇನೂ ಅಪರಿಚಿತ ಅನುಭವವಲ್ಲ. ಮಗ ಓದು ಮುಗಿಸಿ ಹೆಚ್ಚು ದಿನವಾಗುವ ಮೊದಲೇ ಅಪ್ಪ ತೀರಿಕೊಂಡರು.

1932ರಲ್ಲಿ ಶಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್‌ನ ಪ್ರದರ್ಶನವೊಂದರಲ್ಲಿ ಪಿಕಾಸೋ, ಮಾತಿಸ್ ಅಂಥವರ ಕೃತಿಗಳಿದ್ದ ಕಡೆಯೇ ವಾಂಗ್ ಅವರದೂ ಇತ್ತು. ಅದರಿಂದ ಊಟಕ್ಕೇನೂ ಆಗಲಿಲ್ಲ. ಆರ್ಥಿಕ ಕುಸಿತದ ವರ್ಷಗಳು ಅವು. ಕಲಾವಿದರಿಗೆ ಸರಕಾರ ಸಂಬಳ ಕೊಟ್ಟು ಗ್ರಂಥಾಲಯ, ಕಚೇರಿಗಳಿಗೆ ಚಿತ್ರ ಬರೆಸುತ್ತಿದ್ದ ಯೋಜನೆಯಲ್ಲಿ ಎರಡು ವರ್ಷ ದುಡಿದರು. ಚೈನಾಟೌನ್‌ನಲ್ಲಿ ನೆಲಮಾಳಿಗೆಯ 'ಡ್ರ್ಯಾಗನ್ಸ್ ಡೆನ್' ಎಂಬ ಹೋಟೆಲು ತೆರೆದಾಗ ಗೆಳೆಯರ ಜೊತೆ ಅದರ ಗೋಡೆಗೆ ಚಿತ್ರ ಬರೆದದ್ದೂ ಅವರೇ, ಟೇಬಲ್ಲಿಗೆ ಪ್ಲೇಟು ತಂದಿಟ್ಟದ್ದೂ ಅವರೇ. ಅಲ್ಲೇ ರೂತ್ ಎಂಬ ಹುಡುಗಿಯ ಪರಿಚಯವಾಗಿ 1937ರಲ್ಲಿ ಮದುವೆಯಾಯಿತು. ಸಂಸಾರ ಅಂದಮೇಲೆ ತಿಂಗಳ ಸಂಬಳ ಬೇಕು. 1938ರಲ್ಲಿ ವಾಲ್ಟ್ ಡಿಸ್ನಿಯ ಸ್ಟುಡಿಯೋ ಸೇರಿದರು.

ಕೊಟ್ಟ ಕೆಲಸ ಇನ್‌ಬಿಟ್ವೀನರ್‌ನದು. ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಓಡಬೇಕು. ಹಿರಿಯ ಅನಿಮೇಟರ್ ಒಂದು ಚಲನೆಯ ಮುಖ್ಯ ಭಂಗಿಗಳನ್ನಷ್ಟೇ ಬರೆಯುತ್ತಾನೆ. ಮಿಕ್ಕಿ ಮೌಸ್ ಕೈ ಎತ್ತಲು ಹೊರಟದ್ದು ಒಂದು ಹಾಳೆ, ಎತ್ತಿ ಮುಗಿಸಿದ್ದು ಇನ್ನೊಂದು ಹಾಳೆ. ನಡುವಿನ ಹಾಳೆಗಳನ್ನು, ಒಂದರಿಂದ ಒಂದಕ್ಕೆ ಕೂದಲೆಳೆಯಷ್ಟು ಸರಿಸುತ್ತ, ತುಂಬುವವನು ಇನ್‌ಬಿಟ್ವೀನರ್. ಕೆಳಗಿನಿಂದ ದೀಪ ಬೆಳಗುವ ಗಾಜಿನ ಮೇಲೆ ಹಾಳೆ ಹರಡಿ, ದಿನವಿಡೀ ಇನ್ನೊಬ್ಬರ ಗೆರೆಯನ್ನು ಹಿಂಬಾಲಿಸಬೇಕು. ಭೂದೃಶ್ಯ ಬರೆಯುವವರಿಗೆ ಇದು ನಿತ್ಯದ ಚಿತ್ರಹಿಂಸೆ. ಜೊತೆಗೆ ಜನಾಂಗದ ಮೇಲಿನ ಬೈಗುಳ. ಕ್ಯಾಂಟೀನಿನ ಕೆಲಸದವರೇ ಎಂದು ಕೇಳಿದವರೂ ಉಂಟು.

ಅದೇ ಹೊತ್ತಿಗೆ ಸ್ಟುಡಿಯೋ ಬಾಂಬಿಯ ತಯಾರಿಯಲ್ಲಿ ಒದ್ದಾಡುತ್ತಿತ್ತು. ವಿಯೆನ್ನಾದ ಯಹೂದಿ ಲೇಖಕ ಫೆಲಿಕ್ಸ್ ಸಾಲ್ಟನ್ 1923ರಲ್ಲಿ ಪ್ರಕಟಿಸಿದ ಕಾದಂಬರಿ ಅದು; ನಾಜಿಗಳು ಜರ್ಮನಿಯಲ್ಲಿ ನಿಷೇಧಿಸಿದ್ದ ಪುಸ್ತಕ. ಡಿಸ್ನಿಗೆ ನಿಜದ ಜಿಂಕೆ ಬೇಕಿತ್ತು. ಮೇನ್ ರಾಜ್ಯದ ಕಾಡಿನ ಫೋಟೋಗಳನ್ನು ತರಿಸಿದರು, ಎರಡು ಜಿಂಕೆಮರಿಗಳನ್ನು ಸ್ಟುಡಿಯೋಗೇ ತಂದು ಸಾಕಿದರು, ಪ್ರಾಣಿಗಳ ಅಂಗರಚನೆ ಕಲಿಸಲು ರೀಕೋ ಲೆಬ್ರನ್ ಎಂಬ ಕಲಾವಿದರನ್ನು ಕರೆಸಿದರು. ಜಿಂಕೆ ಚೆನ್ನಾಗಿಯೇ ಬಂತು. ತೊಡಕಾದದ್ದು ಕಾಡು. 1937ರ 'ಸ್ನೋ ವೈಟ್'ನಲ್ಲಿ ಒಂದೊಂದು ಎಲೆಯನ್ನೂ ಒಂದೊಂದು ತೊಗಟೆಯನ್ನೂ ಬಿಡಿಸಿ ಬರೆಯುವ ರೀತಿ ಗೆದ್ದಿತ್ತು. ಅಲ್ಲಿ ಕೆಂಪು, ನೀಲಿ, ಹಳದಿ ಬಟ್ಟೆ ತೊಟ್ಟ ಮನುಷ್ಯರಿದ್ದರು, ಎಷ್ಟು ಎಲೆ ಇದ್ದರೂ ಕಾಣಿಸುತ್ತಿದ್ದರು. ಇಲ್ಲಿರುವುದು ಕಂದು ಬಣ್ಣದ ಜಿಂಕೆ, ಕಂದು ಬಣ್ಣದ ಕಾಡು. ನಿಜವಾದ ಕಾಡಿನಲ್ಲಿ ಜಿಂಕೆ ಬದುಕಿ ಉಳಿಯುವುದೇ ಹೀಗೆ ಕಾಣಿಸದಿರುವುದರಿಂದ. ಸಿನಿಮಾದಲ್ಲಿ ಕಾಣಿಸದಿದ್ದರೆ ಹೇಗೆ?

ಈ ಕಥೆ ಬಯಲಲ್ಲೇ ನಡೆಯುವುದು, ತಾನು ಬಯಲನ್ನೇ ಬರೆಯುವವನು ಎಂದು ವಾಂಗ್ ಅವರಿಗೆ ಹೊಳೆಯಿತು. ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಕೂತು ಒಂದಿಷ್ಟು ಸಣ್ಣ ಸಣ್ಣ ಪೇಸ್ಟಲ್ ಚಿತ್ರಗಳನ್ನು ಬರೆದು, ಕಲಾ ನಿರ್ದೇಶಕರಲ್ಲೊಬ್ಬರಾದ ಟಾಮ್ ಕಾಡ್ರಿಕ್ ಅವರ ಮುಂದಿಟ್ಟರು. ಕಾಡ್ರಿಕ್‌ಗೆ ತಮ್ಮ ಹುಡುಗನನ್ನು ತಪ್ಪು ವಿಭಾಗದಲ್ಲಿ ಕೂರಿಸಿದ್ದೇವೆ ಎಂದು ಕೂಡಲೇ ತಿಳಿಯಿತು. ವಾಲ್ಟ್ ಡಿಸ್ನಿಗೂ ಆ ಚಿತ್ರಗಳ ನಿಗೂಢತೆ ಹಿಡಿಸಿತು. ಮುಂದಿನ ಎರಡು ವರ್ಷ ವಾಂಗ್ ನೂರಾರು ಚಿತ್ರ ಬರೆದರು. ಹೊಳೆಯ ಮೇಲಿನ ಮಂಜು, ಮಳೆ, ಹಿಮ, ಕಾಡ್ಗಿಚ್ಚು, ಕಾಳಗಕ್ಕೆ ನಿಂತ ಎರಡು ಗಂಡು ಜಿಂಕೆ. ಒಂದೊಂದು ಸನ್ನಿವೇಶದ ಬಣ್ಣ ಯಾವುದು, ಬೆಳಕು ಎಲ್ಲಿಂದ ಎಂಬುದು ಆ ಹಾಳೆಗಳಲ್ಲಿ ತೀರ್ಮಾನವಾಯಿತು.

ಅವುಗಳ ಅಚ್ಚುಗಳನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಕೆಲಸದ ರೀತಿ ಸರಳ, ಮಾಡಲು ಕಷ್ಟ. ಚಿತ್ರದ ನಡುವೆ, ಪ್ರಾಣಿ ನಿಲ್ಲುವಲ್ಲಿ, ಒಂದು ಕಲ್ಲೋ ನಾಲ್ಕು ಹುಲ್ಲೆಸಳೋ ಸ್ಪಷ್ಟವಾಗಿರುತ್ತವೆ. ಅಲ್ಲಿಂದ ಅಂಚಿನ ಕಡೆ ಹೋದಂತೆ ಮರ ಬಣ್ಣವಾಗುತ್ತದೆ, ಬಣ್ಣ ಹಾಳೆಯಾಗುತ್ತದೆ. ಜಿಂಕೆಯ ಕಣ್ಣು, ಮೂಗು ಬರೆದಿರುವುದಿಲ್ಲ. ಕುಂಚದ ಎರಡು ಎಳೆತ, ಅಷ್ಟೇ. ಸಾಂಗ್ ಕಾಲದ ಚಿತ್ರಕಾರರು ಬೆಟ್ಟದ ಅರ್ಧವನ್ನು ಖಾಲಿ ಬಿಟ್ಟು ಅದನ್ನು ಮೋಡ ಎಂದು ನಮ್ಮಿಂದ ನಂಬಿಸುತ್ತಿದ್ದರಲ್ಲ, ಅದೇ ವಿದ್ಯೆ ಹಾಲಿವುಡ್ಡಿನ ಕಾರ್ಖಾನೆಯೊಳಗೆ ಬಂದು ಕೂತಿತ್ತು. ಖಾಲಿ ಬಿಟ್ಟ ಜಾಗ ನಿರ್ಮಾಪಕನಿಗೆ ಉಳಿತಾಯವೂ ಹೌದು ಎಂಬುದು ಬೇರೆ ಮಾತು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಇತ್ತೀಚೆಗೆ ಬಾಂಬಿ ಎಂದರೆ ಟೈರಸ್ ವಾಂಗ್, ಉಳಿದವರೆಲ್ಲ ಲೆಕ್ಕಕ್ಕಿಲ್ಲ ಎಂಬಂತೆ ಬರೆಯುವವರಿದ್ದಾರೆ. ಅದೂ ಸರಿಯಲ್ಲ. ಅಂಗೈಯಗಲದ ಪೇಸ್ಟಲ್ ಚಿತ್ರವೊಂದನ್ನು ಕ್ಯಾಮೆರಾ ಸರಿದಾಡಬಲ್ಲ ದೊಡ್ಡ ತೈಲವರ್ಣದ ಹಿನ್ನೆಲೆಯಾಗಿ ಬೆಳೆಸುವುದು, ಬೆಳೆಸಿದರೂ ಆ ಹಗುರ ಕೆಡದಂತೆ ನೋಡಿಕೊಳ್ಳುವುದು ದೊಡ್ಡ ಕಲೆ. ಆ ಪಟ್ಟಿಯಲ್ಲಿರುವ ಉಳಿದವರು ಅದನ್ನು ಮಾಡಿದರು. ಕಾಡ್ರಿಕ್ ನೋಡಿ ಗುರುತಿಸದಿದ್ದರೆ ಆ ಚಿತ್ರಗಳು ಮನೆಯಲ್ಲೇ ಉಳಿಯುತ್ತಿದ್ದವು. ನನ್ನ ತಕರಾರು ಹೆಸರು ಸಣ್ಣದಾಗಿ ಬಂತು ಎಂಬುದರ ಬಗ್ಗೆಯೂ ಅಲ್ಲ. ಕೆಲಸದ ಹೆಸರೇ ತಪ್ಪಾಗಿ ಬಂತು ಎಂಬುದು. ಸೋಮನಾಥಪುರದ ವಿಗ್ರಹಗಳ ಪೀಠದ ಮೇಲೆ ಮಲ್ಲಿತಮ್ಮ ತನ್ನ ಹೆಸರನ್ನು ತಾನೇ ಕೆತ್ತಿಕೊಂಡ. ಹೊಯ್ಸಳರ ಶಿಲ್ಪಿಗೆ ಯಾವ ವಿಗ್ರಹ ತನ್ನದು ಎಂದು ಹೇಳುವ ಅವಕಾಶವಿತ್ತು. ಸ್ಟುಡಿಯೋದಲ್ಲಿ ಅದನ್ನು ಹೇಳುವವರು ಬೇರೆಯವರು.

1941ರ ಮೇ ತಿಂಗಳಲ್ಲಿ ಡಿಸ್ನಿಯ ಕಲಾವಿದರು ಮುಷ್ಕರ ಹೂಡಿದರು. ಸಂಬಳದ ತಾರತಮ್ಯ, ಒಕ್ಕೂಟದ ಹಕ್ಕು, ಪರದೆಯ ಮೇಲೆ ಹೆಸರು ಹಾಕದಿರುವುದು ಇವೆಲ್ಲ ಆ ಜಗಳದೊಳಗಿದ್ದವು. ವಾಂಗ್ ಮುಷ್ಕರಕ್ಕೆ ಸೇರಲಿಲ್ಲ. ಆದರೂ ಮುಷ್ಕರ ಮುಗಿದ ಮೇಲಿನ ಕಡಿತದಲ್ಲಿ ಕೆಲಸ ಕಳೆದುಕೊಂಡರು. 1942ರ ಆಗಸ್ಟ್‌ನಲ್ಲಿ ಬಾಂಬಿ ತೆರೆಗೆ ಬಂದಾಗ ಅದರ ಕಾಡನ್ನು ಕಂಡವರು ಆ ಸ್ಟುಡಿಯೋದಲ್ಲೇ ಇರಲಿಲ್ಲ. ಯುದ್ಧದ ಕಾಲ, ಸಿನಿಮಾ ಆಗ ದುಡ್ಡೂ ಮಾಡಲಿಲ್ಲ. ಪರ್ಲ್ ಹಾರ್ಬರ್‌ನ ದಾಳಿಯ ನಂತರ ಜಪಾನೀ ಮೂಲದವರನ್ನೆಲ್ಲ ಹಿಡಿದು ಶಿಬಿರಗಳಿಗೆ ಸಾಗಿಸುತ್ತಿದ್ದರು. ವಾಂಗ್ ಅವರ ಜೊತೆ ಡ್ರ್ಯಾಗನ್ಸ್ ಡೆನ್‌ನ ಗೋಡೆ ಬರೆದಿದ್ದ ಗೆಳೆಯ ಬೆಂಜಿ ಒಕುಬೊ ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರಕ್ಕೆ ಹೋಗಬೇಕಾಯಿತು. ವಾಂಗ್ ತಾವು ಚೀನೀ ಎಂದು ತಿಳಿಸುವ ಬಿಲ್ಲೆಯೊಂದನ್ನು ಅಂಗಿಗೆ ಸಿಕ್ಕಿಸಿಕೊಂಡು ಓಡಾಡಿದರು.

ಆ ವರ್ಷವೇ ವಾರ್ನರ್ ಬ್ರದರ್ಸ್ ಸೇರಿ 1968ರಲ್ಲಿ ನಿವೃತ್ತರಾಗುವವರೆಗೆ ಅಲ್ಲೇ ಇದ್ದರು. ಡಿಸ್ನಿಯಲ್ಲಿದ್ದದ್ದು ಮೂರು ವರ್ಷ, ವಾರ್ನರ್‌ನಲ್ಲಿ 26. ಆದರೂ ಅವರ ಬಗ್ಗೆ ಬರೆಯುವವರೆಲ್ಲ, ನಾನೂ ಸೇರಿ, ಮೂರು ವರ್ಷಕ್ಕೇ ಹೆಚ್ಚು ಪುಟ ಕೊಡುತ್ತೇವೆ. ಅಲ್ಲಿ ಅವರು ನಟರಿರುವ ಸಿನಿಮಾಗಳಿಗೆ ಚಿತ್ರ ಬರೆಯುವವರು. ಚಿತ್ರಕಥೆ ಓದಿ, ಕಲಾ ನಿರ್ದೇಶಕರ ಜೊತೆ ಕೂತು, ಇನ್ನೂ ಕಟ್ಟದ ಸೆಟ್ಟು ಕಟ್ಟಿದ ಮೇಲೆ ಹೇಗೆ ಕಾಣುತ್ತದೆ, ಕ್ಯಾಮೆರಾ ಎಲ್ಲಿಂದ ನೋಡುತ್ತದೆ, ನೆರಳು ಎತ್ತ ಬೀಳುತ್ತದೆ ಎಂದು ಬಣ್ಣದಲ್ಲಿ ತೋರಿಸುವುದು. ಆ ಹಾಳೆ ನೋಡಿ ಬಡಗಿಗಳು ಮೊಳೆ ಹೊಡೆಯುತ್ತಾರೆ, ನಿರ್ದೇಶಕ ಕ್ಯಾಮೆರಾ ಇಡುತ್ತಾನೆ, ಆಮೇಲೆ ಹಾಳೆಗೆ ಕೆಲಸವಿಲ್ಲ. 'ರಿಬೆಲ್ ವಿದೌಟ್ ಎ ಕಾಸ್', 'ದಿ ವೈಲ್ಡ್ ಬಂಚ್' ಅಂಥ ಚಿತ್ರಗಳಿಗೆ ಹಾಗೆ ಬರೆದರು. ಬೇರೆ ಸ್ಟುಡಿಯೋಗೆ ಎರವಲು ಹೋಗಿ 'ಸ್ಯಾಂಡ್ಸ್ ಆಫ್ ಇವೊ ಜಿಮಾ'ಗೂ ಬರೆದರು. ಟೈಟಲಿನಲ್ಲಿ ಹೆಸರು ಬರುವ ಹುದ್ದೆಯೇ ಅಲ್ಲ ಅದು.

ಚೀನೀಯರನ್ನು ಹೊರಗಿಡುವ ಕಾನೂನನ್ನು 1943ರಲ್ಲಿ ರದ್ದುಮಾಡಿದರು. ಚೀನಾ ಯುದ್ಧದಲ್ಲಿ ಮಿತ್ರದೇಶವಾಗಿದ್ದೇ ಅದಕ್ಕೆ ದೊಡ್ಡ ಕಾರಣ. ಜೊತೆಗೆ ವರ್ಷಕ್ಕೆ 105 ಜನ ಎಂಬ ಮಿತಿ ಇಟ್ಟರು. 1946ರಲ್ಲಿ ವಾಂಗ್ ಅಮೆರಿಕದ ಪೌರರಾದರು, ಬಂದು 25 ವರ್ಷ ದಾಟಿದ ಮೇಲೆ. ಅಷ್ಟಾದರೂ ಚೀನೀ ದಂಪತಿಗೆ ಬಾಡಿಗೆಗೆ ಮನೆ ಸಿಗುವುದು ಸುಲಭವಿರಲಿಲ್ಲ.

ರಾತ್ರಿ, ರಜಾದಿನಗಳಲ್ಲಿ ಬೇರೆ ಕೆಲಸ. ಪಿಂಗಾಣಿ ತಟ್ಟೆ, ಬಟ್ಟಲುಗಳ ಮೇಲೆ ಕೈಯಾರೆ ಚಿತ್ರ ಬರೆದರು, ದೊಡ್ಡ ಅಂಗಡಿಗಳಲ್ಲಿ ಅವು ಮಾರಾಟವಾದವು. ಕ್ರಿಸ್‌ಮಸ್ ಕಾರ್ಡುಗಳನ್ನು ಬರೆದರು. 1954ರ ಒಂದು ಕಾರ್ಡು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಹಿಮದ ನಡುವೆ ಒಬ್ಬ ಪುಟ್ಟ ಕುರುಬ, ಮೇಲೆ ನಕ್ಷತ್ರ, ಸುತ್ತ ಖಾಲಿ ಹಾಳೆ, ಈ ಬಗೆಯ ಕಾರ್ಡುಗಳವು. ಬಾಂಬಿಯ ಕಾಡೇ ಇಲ್ಲಿ ಅಂಚೆಯಲ್ಲಿ ಬಂದಿತ್ತು. ಅವರನ್ನು ಒಳಗೆ ಬಿಡಲು ಒಪ್ಪದ ದೇಶದ ಮನೆಮನೆಯ ಅಗ್ಗಿಷ್ಟಿಕೆಯ ಮೇಲೆ ಅವರ ಚಿತ್ರ ಹೋಗಿ ನಿಂತಿತು.

ಇಂಥವರನ್ನು ಬಹುಮುಖ ಪ್ರತಿಭೆ ಎಂದು ಕರೆಯುವುದು ನಮಗೆ ರೂಢಿ. ಸನ್ಮಾನಪತ್ರಗಳಲ್ಲಿ ಆ ಮಾತು ತಾನೇ ತಾನಾಗಿ ಬಂದು ಕೂರುತ್ತದೆ. ವಾಂಗ್ ಅವರ ಬದುಕಿನ ವರ್ಷಗಳನ್ನು ಜೋಡಿಸಿ ನೋಡಿದಾಗ ನನಗೆ ಆ ಮಾತಿನ ಮೇಲೆ ಅನುಮಾನ ಬಂತು. ಗ್ಯಾಲರಿಯ ಚಿತ್ರಕಾರರಾಗಿ ಶುರುಮಾಡಿದವರು ಹೋಟೆಲಿಗೆ ಬಂದದ್ದು, ಹೋಟೆಲಿನಿಂದ ಸ್ಟುಡಿಯೋಗೆ, ಒಂದು ಸ್ಟುಡಿಯೋದಿಂದ ಇನ್ನೊಂದಕ್ಕೆ, ಅಲ್ಲಿಂದ ಪಿಂಗಾಣಿಗೆ, ಕಾರ್ಡಿಗೆ ಬಂದದ್ದು ಆಯ್ಕೆಯಷ್ಟೇ ಅಲ್ಲ. ಒಂದೊಂದು ಬಾಗಿಲು ಮುಚ್ಚಿದಾಗ ಪಕ್ಕದ ಬಾಗಿಲು ತಟ್ಟಿದ ದಾಖಲೆ ಅದು. ಹಾಗೆಂದು ಅವರನ್ನು ನೊಂದವರನ್ನಾಗಿಯೇ ಚಿತ್ರಿಸಿದರೂ ತಪ್ಪಾದೀತು. ಕಾರ್ಡು ಬರೆಯುವಾಗ ಅವರ ಕೈ ಸೋತಿಲ್ಲ, ಬೇಸರಪಟ್ಟಿಲ್ಲ. ಅದು ಹಾಳೆಯ ಮೇಲೆಯೇ ಗೊತ್ತಾಗುತ್ತದೆ.

ಬಾಂಬಿಯ ಒಂದು ಎಳೆ ನಮ್ಮ ದೇಶಕ್ಕೂ ಬಂದಿದೆ. ಆ ಚಿತ್ರಕ್ಕೆ ದುಡಿದ ಅನಿಮೇಟರುಗಳಲ್ಲಿ ಕ್ಲೇರ್ ವೀಕ್ಸ್ ಒಬ್ಬರು. ಮಿಷನರಿ ದಂಪತಿಯ ಮಗನಾಗಿ ಭಾರತದಲ್ಲೇ ಹುಟ್ಟಿದವರು. 1956ರಲ್ಲಿ ಅವರು ಬೊಂಬಾಯಿಯ ಫಿಲ್ಮ್ಸ್ ಡಿವಿಷನ್‌ಗೆ ಬಂದು, ಹೊಸದಾಗಿ ಶುರುವಾಗಿದ್ದ ಕಾರ್ಟೂನ್ ಘಟಕದ ಹುಡುಗರಿಗೆ ಕಲಿಸಿದರು. ಅಲ್ಲಿಂದ 1957ರಲ್ಲಿ ಹೊರಬಂದದ್ದು 'ದಿ ಬನ್ಯನ್ ಡೀರ್'. ಅದೂ ಜಿಂಕೆಯ ಕಥೆಯೇ, ಆದರೆ ಜಾತಕದ್ದು: ಗರ್ಭಿಣಿ ಜಿಂಕೆಯ ಸರದಿ ಬಂದಾಗ ಜಿಂಕೆಗಳ ರಾಜ ತಾನೇ ಕೊರಳೊಡ್ಡುತ್ತಾನೆ, ಇಲ್ಲಿ ತಾಯಿ ಉಳಿಯುತ್ತಾಳೆ. ಆ ಘಟಕದಲ್ಲಿ ಕಲಿತವರಲ್ಲಿ ರಾಮ್ ಮೋಹನ್ ಒಬ್ಬರು. ಸತ್ಯಜಿತ್ ರಾಯ್ ಅವರ 'ಶತರಂಜ್ ಕೆ ಖಿಲಾಡಿ'ಯ ಅನಿಮೇಷನ್ ಭಾಗ, ಯೂನಿಸೆಫ್‌ನ 'ಮೀನಾ', ಜಪಾನಿನ ಯುಗೊ ಸಾಕೊ ಜೊತೆ ರಾಮಾಯಣ, ನಡುನಡುವೆ ಜಾಹೀರಾತು ಹೀಗೆ ಅವರದೂ ಸಿಕ್ಕ ಬಾಗಿಲು ಹೊಕ್ಕ ಬದುಕು. ಅವರ ಬಗ್ಗೆ ಬರೆಯಲು ಬೇರೆಯೇ ಜಾಗ ಬೇಕು.

ವಾಂಗ್ ಅವರ ಕಡೆಗೆ ಜನ ತಿರುಗಿ ನೋಡಿದ್ದು ತೀರಾ ತಡವಾಗಿ. 2001ರಲ್ಲಿ ಡಿಸ್ನಿ ಸಂಸ್ಥೆ ಅವರನ್ನು 'ಡಿಸ್ನಿ ಲೆಜೆಂಡ್' ಎಂದು ಗೌರವಿಸಿತು. ಕೆಲಸದಿಂದ ತೆಗೆದು ಸರಿಯಾಗಿ 60 ವರ್ಷ. 2003ರಲ್ಲಿ ಲಾಸ್ ಏಂಜಲಿಸ್‌ನ ಚೈನೀಸ್ ಅಮೆರಿಕನ್ ಮ್ಯೂಸಿಯಂನಲ್ಲಿ, 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾಲ್ಟ್ ಡಿಸ್ನಿ ಫ್ಯಾಮಿಲಿ ಮ್ಯೂಸಿಯಂನಲ್ಲಿ ಅವರ ಪ್ರದರ್ಶನಗಳಾದವು. ಪಮೇಲಾ ಟಾಮ್ ಎಂಬ ನಿರ್ದೇಶಕಿ 2015ರಲ್ಲಿ 'ಟೈರಸ್' ಎಂಬ ಸಾಕ್ಷ್ಯಚಿತ್ರ ಮುಗಿಸಿದಾಗ ಅವರಿಗೆ 104 ವರ್ಷ.

ನಿವೃತ್ತಿಯ ನಂತರ ಅವರು ಗಾಳಿಪಟ ಕಟ್ಟಲು ಹಿಡಿದಿದ್ದರು. ಬಿದಿರು ಸೀಳಿ, ನಯಮಾಡಿ, ಬಾಗಿಸಿ, ಬಣ್ಣ ಹಚ್ಚಿ. ಚಿಟ್ಟೆ, ಬಾನಾಡಿಗಳ ಸಾಲು, ನೂರು ಅಡಿ ಉದ್ದದ ಶತಪದಿ. ಹೆಂಡತಿ ಕಾಯಿಲೆ ಬಿದ್ದ ವರ್ಷಗಳಲ್ಲಿ ಚಿತ್ರ ಬರೆಯುವುದನ್ನು ಬಿಟ್ಟು ಅವರ ಆರೈಕೆಗೆ ನಿಂತರು. 1995ರಲ್ಲಿ ಆಕೆ ತೀರಿಕೊಂಡ ಮೇಲೆ ಮೆಲ್ಲಗೆ ಮತ್ತೆ ಕೈ ಹಚ್ಚಿದರು. ಶನಿವಾರಗಳಂದು ಸಾಂಟಾ ಮೋನಿಕಾದ ಕಡಲ ದಂಡೆಯಲ್ಲಿ ಅವರು ಪಟ ಹಾರಿಸುವುದನ್ನು ನೋಡಿದವರು ಬಹಳ ಜನ. ಮೊದಲೆಲ್ಲ ಅವರಿಗೆ ಮೀನು ಹಿಡಿಯುವ ಹುಚ್ಚಿತ್ತು. ಇದೂ ಅದೇ ಆಟ, ಅಲ್ಲಿ ಕೆಳಗೆ ನೋಡಬೇಕು, ಇಲ್ಲಿ ಮೇಲೆ ನೋಡಬೇಕು ಎನ್ನುತ್ತಿದ್ದರು.

2016ರ ಡಿಸೆಂಬರ್ 30ರಂದು, 106ನೇ ವಯಸ್ಸಿನಲ್ಲಿ ತೀರಿಕೊಂಡರು. ಸುಳ್ಳು ಹೆಸರಿನ ಹುಡುಗ ಏಂಜೆಲ್ ಐಲ್ಯಾಂಡ್‌ನಲ್ಲಿ ಇಳಿದದ್ದೂ ಡಿಸೆಂಬರ್ 30ರಂದೇ, 96 ವರ್ಷ ಹಿಂದೆ. ಕಾಕತಾಳೀಯ.

ಮೊನ್ನೆ ಬಾಂಬಿಯನ್ನು ಮತ್ತೊಮ್ಮೆ ಹಾಕಿ ಟೈಟಲ್ ಕಾರ್ಡುಗಳಲ್ಲಿ ನಿಲ್ಲಿಸಿಕೊಂಡು ಓದಿದೆ. 1942ರಲ್ಲಿ ಬರೆದ ಹಾಗೇ ಇವೆ. ಟೈರಸ್ ವಾಂಗ್, ಹಿನ್ನೆಲೆ ಚಿತ್ರಗಳು. ಆಮೇಲೆ ಮಂಜು, ಅದರೊಳಗೆ ಮರ, ಕ್ಯಾಮೆರಾ ನಿಧಾನಕ್ಕೆ ಸರಿಯುತ್ತ ಹೋಗುತ್ತದೆ. ಒಂದು ಮಾತೂ ಇಲ್ಲದೆ ಬಹಳ ಹೊತ್ತು ಬರೀ ಕಾಡು ಕಾಣಿಸುತ್ತದೆ. ಜಿಂಕೆ ಇನ್ನೂ ಬಂದಿರುವುದಿಲ್ಲ.